ಹೆಚ್ಚಾದ ಎದೆಹಾಲನ್ನು ಹಾಲಿನ ಬ್ಯಾಂಕಿಗೆ ಕೊಡುವ ಬಗೆ: ಡಾ. ಅರ್ಮಿಡಾ ಫರ್ನಾಂಡಿಸ್ ಹಾಕಿಕೊಟ್ಟ ದಾರಿ

ಮುಂಬೈಯ ಸಯನ್ ಆಸ್ಪತ್ರೆ ಧಾರಾವಿಯ ಪಕ್ಕದಲ್ಲೇ ಇದೆ. ನವಜಾತ ಶಿಶುಗಳ ತಜ್ಞೆ ಡಾ. ಅರ್ಮಿಡಾ ಫರ್ನಾಂಡಿಸ್ ದೀರ್ಘಕಾಲ ದುಡಿದದ್ದು, ಮುಂದೆ ಡೀನ್ ಆದದ್ದು ಇದೇ ಮಹಾನಗರಪಾಲಿಕೆ ಆಸ್ಪತ್ರೆಯಲ್ಲಿ. ದಿನ ತುಂಬುವ ಮುನ್ನ ಹುಟ್ಟಿದ, ಅಂಗೈಯಗಲದ ಕೂಸುಗಳು ಅಲ್ಲಿ ಸೋಂಕಿನಿಂದ ಸಾಯುತ್ತಿದ್ದವು. ಡಬ್ಬಿ ಹಾಲು ಮತ್ತು ಬಾಟಲಿಗಳೂ ಆ ಸೋಂಕಿನ ಹಾದಿಗಳೆಂದು ಕಂಡುಕೊಂಡ ಅವರು ಅವನ್ನು ವಾರ್ಡಿನಿಂದ ಹೊರಹಾಕಿ, ಕೂಸುಗಳಿಗೆ ಎದೆಹಾಲನ್ನೇ ಕೊಡಿಸಿದರು. ಆದರೆ ತಾಯಿ ತೀರಿಕೊಂಡಿದ್ದರೆ, ಬೇರೆ ವಾರ್ಡಿನಲ್ಲಿ ಎಚ್ಚರವಿಲ್ಲದೆ ಮಲಗಿದ್ದರೆ ಅಥವಾ ಅವಳಿಗೆ ಇನ್ನೂ ಹಾಲೇ ಇಳಿಯದಿದ್ದರೆ ಆ ಕೂಸಿಗೆ ಏನು ಕೊಡಬೇಕು? ಏಷ್ಯಾದಲ್ಲೇ ಮೊದಲನೆಯದೆನ್ನಲಾದ ಎದೆಹಾಲಿನ ಬ್ಯಾಂಕನ್ನು ಅವರು 1989ರಲ್ಲಿ ಸಯನ್ನಿನಲ್ಲಿ ತೆರೆದದ್ದು ಈ ಪ್ರಶ್ನೆಗೆ ಉತ್ತರವಾಗಿ. ಹಾಲಿನ ಬ್ಯಾಂಕು ಹೊಸ ಕಲ್ಪನೆಯೇನಲ್ಲ. ವಿಯೆನ್ನಾದಲ್ಲಿ 1909ರಲ್ಲೇ ಒಂದು ಶುರುವಾಗಿತ್ತು. ಬಡವರ ಆಸ್ಪತ್ರೆಯೊಂದರಲ್ಲಿ ಅದನ್ನು ನಡೆಸಿ ತೋರಿಸಿದ್ದೇ ಇಲ್ಲಿನ ಹೊಸತು.

ಹಾಲು ಹೆಚ್ಚಾಗಿ ಎದೆ ಕಟ್ಟಿಕೊಳ್ಳುವ, ಹಿಂಡಿ ಚೆಲ್ಲುತ್ತಿರುವ ಬಾಣಂತಿಯರಿಗಾಗಿ ಈ ಬರಹ. ಕೊಡಬೇಕೆಂಬ ಮನಸ್ಸಿದ್ದರಷ್ಟೇ ಸಾಲದು, ಕ್ರಮವೂ ತಿಳಿದಿರಬೇಕು. ಏಕೆಂದರೆ ಈ ಹಾಲು ಹೋಗುವುದು ಸಣ್ಣದೊಂದು ಸೋಂಕನ್ನೂ ತಡೆದುಕೊಳ್ಳಲಾರದ ಮಕ್ಕಳಿಗೆ.

ಯಾರು ಕೊಡಬಹುದು ಎಂಬುದನ್ನು ಮೊದಲು ನೋಡೋಣ. ತಾಯಿ ಆರೋಗ್ಯವಾಗಿದ್ದು, ತನ್ನ ಮಗುವಿಗೆ ಹೊಟ್ಟೆತುಂಬ ಕುಡಿಸಿದ ಮೇಲೂ ಹಾಲು ಉಳಿಯುತ್ತಿರಬೇಕು. ತನ್ನ ಮಗುವಿನ ಪಾಲನ್ನು ಕಡಿಮೆ ಮಾಡಿ ಕೊಡುವುದನ್ನು ಯಾವ ಬ್ಯಾಂಕೂ ಬಯಸುವುದಿಲ್ಲ. ತಂಬಾಕು, ಮದ್ಯ, ಮಾದಕ ವಸ್ತುಗಳ ಬಳಕೆ ಇರಬಾರದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿಫಿಲಿಸ್ ಇಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತವಾಗಿರಬೇಕು. ಗರ್ಭಿಣಿಯಾಗಿದ್ದಾಗ ಮಾಡಿಸಿದ ಪರೀಕ್ಷೆಯ ವರದಿಗಳಿದ್ದರೆ ಅವನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಕ್ಷಯಕ್ಕೆ ಚಿಕಿತ್ಸೆ ನಡೆಯುತ್ತಿದ್ದರೆ, ಯಾವುದೇ ಮಾತ್ರೆ ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ನಾಟಿ ಔಷಧಿ ಮತ್ತು ಬಾಣಂತನದ ಲೇಹ್ಯಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಮನೆಯವರು ಅವನ್ನು ಔಷಧವೆಂದು ಎಣಿಸುವುದೇ ಇಲ್ಲವಾದ್ದರಿಂದ ಈ ಮಾತನ್ನು ಬೇರೆಯಾಗಿ ಹೇಳಬೇಕಾಗಿದೆ.

ಹಾಲು ಹಿಂಡುವಾಗಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಉಗುರು ಕತ್ತರಿಸಿ, ಬಳೆ ಮತ್ತು ಉಂಗುರಗಳನ್ನು ತೆಗೆದಿಟ್ಟು, ಕೈಯನ್ನು ಸೋಪಿನಿಂದ ಮೊಣಕೈವರೆಗೆ ತೊಳೆದು, ಒಗೆದ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕು. ಎದೆಗೆ ಎಣ್ಣೆ, ಕ್ರೀಮು, ಪೌಡರು ಹಚ್ಚಿರಬಾರದು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆಲವು ನಿಮಿಷ ಇಟ್ಟುಕೊಂಡು, ಹಗುರವಾಗಿ ನೀವಿಕೊಂಡರೆ ಹಾಲು ಸಲೀಸಾಗಿ ಇಳಿಯುತ್ತದೆ. ಮಗು ಕಣ್ಣೆದುರಿಗಿದ್ದರೆ ಇನ್ನೂ ಸಲೀಸು. ಹೆಬ್ಬೆರಳನ್ನು ಮೇಲೆ, ಉಳಿದ ಬೆರಳುಗಳನ್ನು ಕೆಳಗೆ, ತೊಟ್ಟಿನಿಂದ ಎರಡು ಮೂರು ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಸೇರುವಂತೆ ಅಮುಕಿ ಬಿಡಬೇಕು. ಬೆರಳುಗಳನ್ನು ಚರ್ಮದ ಮೇಲೆ ಜಾರಿಸುವುದು, ತೊಟ್ಟನ್ನೇ ಹಿಡಿದು ಎಳೆಯುವುದು ತಪ್ಪು. ಅದರಿಂದ ಹಾಲು ಬರುವುದಿಲ್ಲ, ನೋವು ಮಾತ್ರ ಬರುತ್ತದೆ. ಮೊದಲ ಒಂದೆರಡು ನಿಮಿಷ ಹನಿಯಷ್ಟೇ ಬಂದರೂ ಧೈರ್ಯಗೆಡಬಾರದು. ಬ್ಯಾಂಕುಗಳಲ್ಲಿ ಪಂಪುಗಳೂ, ಕಲಿಸಿಕೊಡುವ ದಾದಿಯರೂ ಇರುವುದರಿಂದ ಮೊದಲ ಸಲ ಅಲ್ಲಿಗೇ ಹೋಗಿ ಹಿಂಡುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ.

ಮನೆಯಲ್ಲಿ ಹಿಂಡಿ ಕೂಡಿಡುವುದಾದರೆ ಬ್ಯಾಂಕಿನವರೇ ಕೊಡುವ ಡಬ್ಬಿಯನ್ನು ಬಳಸಬೇಕು. ಹೆಪ್ಪುಗಟ್ಟುವಾಗ ಹಾಲು ಹಿಗ್ಗುವುದರಿಂದ ಡಬ್ಬಿಯನ್ನು ಕಂಠದವರೆಗೆ ತುಂಬಿಸಬಾರದು. ದಿನಾಂಕ ಮತ್ತು ವೇಳೆಯನ್ನು ಅದರ ಮೇಲೆ ಬರೆದು ಕೂಡಲೇ ಫ್ರಿಜ್ಜಿನಲ್ಲಿಡಬೇಕು. ಬಾಗಿಲಿನ ಅಂಕಣದಲ್ಲಿ ತಂಪು ಏರಿಳಿಯುವುದರಿಂದ ಒಳಗಿನ ಮೂಲೆಯಲ್ಲಿಡಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ತಲುಪಿಸಲಾಗದಿದ್ದರೆ ಅದು ಡೀಪ್ ಫ್ರೀಜರಿಗೆ ಹೋಗಬೇಕು. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲ್ಭಾಗದ ಐಸ್ ಪೆಟ್ಟಿಗೆಯನ್ನು ಡೀಪ್ ಫ್ರೀಜರೆಂದು ತಿಳಿಯಬಾರದು. ಕರೆಂಟು ಹೋಗಿ ಹಾಲು ಒಮ್ಮೆ ಕರಗಿದ್ದರೆ ಅದನ್ನು ಮತ್ತೆ ಹೆಪ್ಪುಗಟ್ಟಿಸಿ ಕಳುಹಿಸಬಾರದು. ಒಯ್ಯುವಾಗ ಐಸ್ ಪ್ಯಾಕುಗಳ ನಡುವೆ ಇಟ್ಟು ಒಯ್ಯಬೇಕು.

ಬ್ಯಾಂಕಿನಲ್ಲಿ ಹಲವು ತಾಯಂದಿರ ಹಾಲನ್ನು ಬೆರೆಸಿ, 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಬೇಗನೆ ತಣಿಸುತ್ತಾರೆ. ಕುದಿಸಿದರೆ ರೋಗಾಣುಗಳ ಜೊತೆಗೆ ಹಾಲಿನ ರಕ್ಷಕ ಗುಣಗಳೂ ಹೋಗುತ್ತವೆ. ಈ ಹದದಲ್ಲಿ ರೋಗಾಣುಗಳು ಸತ್ತು, ಆ ಗುಣಗಳಲ್ಲಿ ಬಹಳಷ್ಟು ಉಳಿಯುತ್ತವೆ. ಬಳಿಕ ಮಾದರಿ ತೆಗೆದು, ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ಪರೀಕ್ಷಿಸಿ, ಬೆಳೆಯದಿದ್ದರಷ್ಟೇ ಮೈನಸ್ 20 ಡಿಗ್ರಿಯಲ್ಲಿ ಕೂಡಿಡುತ್ತಾರೆ. ಪರಿಚಯದ ಮನೆಯೊಂದರ ಕೂಸಿಗೆ ನೇರವಾಗಿ ಹಾಲು ಕಳುಹಿಸುವುದಕ್ಕಿಂತ ಬ್ಯಾಂಕಿಗೆ ಕೊಡುವುದು ಏಕೆ ಮೇಲು ಎಂಬುದು ಇದರಿಂದ ತಿಳಿಯುತ್ತದೆ. 1500 ಗ್ರಾಮಿಗಿಂತ ಕಡಿಮೆ ತೂಕದ ಮಕ್ಕಳಿಗೆ ಮೊದಲ ಪಾಲು ಸಲ್ಲುತ್ತದೆ, ಏಕೆಂದರೆ ಇಂತಹ ಕೂಸುಗಳನ್ನೇ ಹೆಚ್ಚಾಗಿ ಕಾಡುವ, ಕರುಳು ಕೊಳೆಯುವ ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎಂಬ ಕಾಯಿಲೆಯ ಅಪಾಯ ಡಬ್ಬಿ ಹಾಲಿಗಿಂತ ಎದೆಹಾಲಿನಲ್ಲಿ ಕಡಿಮೆ.

ನಾನು ಕೊಡುವ ಐವತ್ತು ಮಿಲಿಲೀಟರಿನಿಂದ ಏನಾದೀತು ಎಂದು ಹಿಂಜರಿಯುವವರಿದ್ದಾರೆ. ಒಂದು ಕಿಲೋ ತೂಕದ ಕೂಸಿಗೆ ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಟ್ಯೂಬಿನಲ್ಲಿ ಕೊಡುವುದು ಒಂದೆರಡು ಮಿಲಿಲೀಟರ್ ಮಾತ್ರ. ಐವತ್ತು ಮಿಲಿಲೀಟರೆಂದರೆ ಆ ಕೂಸಿನ ಎರಡು ಮೂರು ದಿನಗಳ ಊಟ.

ಇನ್ನು ಮನೆಯ ಹಿರಿಯರ ಆಕ್ಷೇಪಗಳು. ದೃಷ್ಟಿಯಾಗುತ್ತದೆ, ಹಾಲು ಬತ್ತಿಹೋಗುತ್ತದೆ ಎಂದು ಅತ್ತೆಯೋ ಅಜ್ಜಿಯೋ ಹೇಳಿದರೆ ವಾದಕ್ಕಿಳಿಯದೆ, ಎದೆ ಖಾಲಿಯಾದಷ್ಟೂ ಹಾಲು ಹೆಚ್ಚು ಬರುತ್ತದೆಂಬುದನ್ನು ದಾದಿಯ ಬಾಯಿಂದಲೇ ಕೇಳಿಸುವುದು ಜಾಣತನ. ಮುಸ್ಲಿಂ ಕುಟುಂಬಗಳಲ್ಲಿ ಹಾಲಿನ ಸಂಬಂಧದ ಪ್ರಶ್ನೆ, ಅಂದರೆ ಒಬ್ಬಳೇ ತಾಯಿಯ ಹಾಲು ಕುಡಿದವರು ಒಡಹುಟ್ಟಿದವರಂತಾಗಿ ಅವರ ನಡುವೆ ಮದುವೆ ಸಲ್ಲದೆಂಬ ಪ್ರಶ್ನೆ, ಏಳುವುದು ಸಹಜ. ಬೆರೆಸಿದ ಹಾಲಿನಲ್ಲಿ ಯಾರದು ಯಾರಿಗೆ ಹೋಯಿತೆಂದು ಹೇಳಲಾಗದು ಎಂಬುದನ್ನು ಮೊದಲೇ ತಿಳಿಸಿ, ನಿರ್ಧಾರವನ್ನು ಅವರಿಗೇ ಬಿಡಬೇಕು. ಹಣದ ಮಾತಂತೂ ಇಲ್ಲಿ ಸಲ್ಲದು. ಕೊಡುವ ತಾಯಿಗೆ ಸಂಭಾವನೆಯಿಲ್ಲ; ಎದೆಹಾಲಿನ ಮಾರಾಟಕ್ಕೆ ಅನುಮತಿಯಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವೂ 2024ರಲ್ಲಿ ಸ್ಪಷ್ಟಪಡಿಸಿದೆ. ಯಾರಾದರೂ ಲೀಟರಿಗಿಷ್ಟು ಎಂದು ದರ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ.

ವಾರ್ಡಿಗೆ ಬರುವ ಕೂಸುಗಳ ಕಷ್ಟ ವಾರ್ಡಿನ ಹೊರಗೇ ಹುಟ್ಟುತ್ತದೆಂದು ಕಂಡುಕೊಂಡ ಡಾ. ಫರ್ನಾಂಡಿಸ್, 1999ರಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿ ಧಾರಾವಿಯಂತಹ ಬಡಾವಣೆಗಳ ಗರ್ಭಿಣಿಯರ ಮತ್ತು ಮಕ್ಕಳ ಬಳಿಗೆ ಹೋದರು. ಅವರು ತೆರೆದ ದಾರಿ ಸರ್ಕಾರದ ಕ್ರಮವೂ ಆಗಿದೆ: 2017ರ ರಾಷ್ಟ್ರೀಯ ಮಾರ್ಗಸೂಚಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂತಹ ಹಾಲಿನ ಕೇಂದ್ರಗಳಿರಬೇಕೆಂದು ಹೇಳುತ್ತದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ ‘ಅಮೃತಧಾರೆ’ ಎಂಬ ಬ್ಯಾಂಕು ಇದೆ. ಬೇರೆ ಊರಿನವರು ಹತ್ತಿರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನು ಮಾಡಿ, ನವಜಾತ ಶಿಶು ವಿಭಾಗವನ್ನು ಕೇಳಿ, ಹೋಗಬೇಕಾದ ವೇಳೆಯನ್ನು ಗೊತ್ತುಮಾಡಿಕೊಳ್ಳಬಹುದು. ಹೊರಡುವ ಮುನ್ನ ನಿಮ್ಮ ಮಗುವಿಗೆ ಹೊಟ್ಟೆತುಂಬ ಕುಡಿಸಿ ಹೊರಡಿ.