ಮಕ್ಕಳ ಹಲ್ಲಿಗೆ ಫ್ಲೋರೈಡ್ ವಾರ್ನಿಷ್ ಹಚ್ಚಿಸುವವರಿಗೆ

ಮೊದಲು ಮಗುವನ್ನು ಕಿಟಕಿ ಪಕ್ಕ ಕೂರಿಸಿ, ಮೇಲಿನ ತುಟಿ ಎತ್ತಿ ನೋಡಿ. ಮುಂದಿನ ಹಲ್ಲನ್ನು ಒಣ ಬಟ್ಟೆಯಲ್ಲಿ ಒರೆಸಿ. ವಸಡಿನ ಅಂಚಿಗೆ ಹೊಳಪಿಲ್ಲದ ಬಿಳಿ ಗೆರೆ ಕಾಣುತ್ತಾ? ಹುಳುಕು ಶುರುವಾಗುವುದು ಹಾಗೆಯೇ. ಕಪ್ಪಗೆ ತೂತು ಬಿದ್ದ ಮೇಲೆ ಕುಂಬಳೆಗೋ ಕಾಸರಗೋಡಿಗೋ ಓಡುವ ಬದಲು ಈ ಬಿಳಿ ಗೆರೆ ಕಂಡಾಗಲೇ ಡಾಕ್ಟರ ಹತ್ತಿರ ಹೋದರೆ ಹಲ್ಲು ಉಳಿಸಿಕೊಳ್ಳುವುದು ಎಷ್ಟೋ ಸುಲಭ. ಹುಳುಕು ತಡೆಯಲು ಡಾಕ್ಟರು ಹಲ್ಲಿಗೆ ಸವರುವ ಫ್ಲೋರೈಡ್ ವಾರ್ನಿಷ್ ಜಾಸ್ತಿ ಉಪಯೋಗಕ್ಕೆ ಬರುವುದೂ ಆಗಲೇ.

ಅದು ಸುಮ್ನೆ ಮೇಲೊಂದು ಪದರ ಹಾಕಿ ಹಲ್ಲನ್ನು ಮುಚ್ಚಿಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಆ ಪದರ ಒಂದೆರಡು ದಿನದಲ್ಲಿ ಹೋಗಿಬಿಡುತ್ತದೆ. ಕೆಲಸ ಮಾಡುವುದು ಅದು ಬಿಟ್ಟುಹೋಗುವ ಫ್ಲೋರೈಡ್. ಸಾಮಾನ್ಯ ವಾರ್ನಿಷ್‌ನಲ್ಲಿ ಶೇ. 5 ಸೋಡಿಯಂ ಫ್ಲೋರೈಡ್ ಇರುತ್ತದೆ, ಅಂದರೆ 22,600 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 22,600 ಭಾಗ) ಫ್ಲೋರೈಡ್. ನಾವು ದಿನಾ ಬಳಸುವ ಪೇಸ್ಟ್‌ನಲ್ಲಿ ಸುಮಾರು 1,000. ಈ ಫ್ಲೋರೈಡ್ ಹಲ್ಲಿನ ಮತ್ತು ಜೊಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಫ್ಲೋರೈಡಿನ ಸಣ್ಣ ಸಣ್ಣ ಕಣಗಳಾಗಿ ಹಲ್ಲಿನ ಮೇಲೆ ಕೂರುತ್ತದೆ. ಮಗು ಬೆಲ್ಲವೋ ಬಿಸ್ಕತ್ತೋ ತಿಂದಾಗ ಬಾಯಿಯ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 5.5ರ ಆಸುಪಾಸಿಗಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಗೆ ಬರುತ್ತದೆ. ಅದೇ ಹೊತ್ತಿಗೆ ಈ ಕಣಗಳೂ ಕರಗಿ ಫ್ಲೋರೈಡ್ ಬಿಡುತ್ತವೆ. ಆ ಫ್ಲೋರೈಡ್ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟನ್ನು ಮತ್ತೆ ಹಲ್ಲಿಗೆ ಕೂಡಿಸುತ್ತದೆ. ಹಾಗೆ ಕೂಡಿದ ಭಾಗ ಮೊದಲಿಗಿಂತ ಗಟ್ಟಿ, ಪಿಎಚ್ ಸುಮಾರು 4.5ಕ್ಕೆ ಇಳಿಯುವ ತನಕ ತಡೆದುಕೊಳ್ಳುತ್ತದೆ. ಯಾವಾಗ ಬೇಕೋ ಆಗಲೇ ಫ್ಲೋರೈಡ್ ಹೊರಗೆ ಬರುತ್ತದೆ, ನನಗೆ ಇದರಲ್ಲಿ ಬಹಳ ಇಷ್ಟವಾದ ವಿಷಯ ಇದು.

ಕೆಲವು ವಾರ್ನಿಷ್‌ಗಳಿಗೆ ಕ್ಯಾಲ್ಸಿಯಂ ಫಾಸ್ಫೇಟನ್ನೂ ಸೇರಿಸಿರುತ್ತಾರೆ, ಕೆಲವಕ್ಕೆ ಹಾಲಿನ ಪ್ರೋಟೀನ್ ಜೊತೆಗೆ. ದುಡ್ಡು ಜಾಸ್ತಿಯಾದರೆ ಅದೇ ಬೇಕು ಅಂತ ಹಟ ಬೇಡ. ಸಾದಾ ಫ್ಲೋರೈಡ್ ವಾರ್ನಿಷ್ ಸಾಕು.

ಹೋಗುವ ದಿನ ಮಗುವಿಗೆ ಹೊಟ್ಟೆ ತುಂಬಾ ತಿನ್ನಿಸಿ, ಹಲ್ಲುಜ್ಜಿಸಿ ಕರೆದುಕೊಂಡು ಹೋಗಿ. ವಾರ್ನಿಷ್‌ನಲ್ಲಿ ಹೆಚ್ಚಾಗಿ ಪೈನ್ ಮರದ ಅಂಟು ಇರುತ್ತದೆ. ಅದಕ್ಕೋ ಗಾಯಕ್ಕೆ ಅಂಟಿಸುವ ಪಟ್ಟಿಗೋ ಅಲರ್ಜಿ ಇದ್ದರೆ, ಹಾಲು ಆಗದಿದ್ದರೆ, ಜೋರು ಆಸ್ತಮಾ ಇದ್ದರೆ, ವಸಡಲ್ಲಿ ಹುಣ್ಣಿದ್ದರೆ ಮೊದಲೇ ಹೇಳಿಬಿಡಿ. ಪುಟ್ಟ ಮಗುವಾದರೆ ನೀವೂ ಡಾಕ್ಟರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರಬೇಕು. ಮಗುವಿನ ಕಾಲು ನಿಮ್ಮ ಸೊಂಟದ ಕಡೆ, ತಲೆ ಡಾಕ್ಟರ ಮಡಿಲಲ್ಲಿ. ಹಲ್ಲನ್ನು ಒರೆಸಿ, ಪುಟ್ಟ ಬ್ರಷ್‌ನಲ್ಲಿ ತೆಳ್ಳಗೆ ಸವರುತ್ತಾರೆ. ಹಾಲುಹಲ್ಲಿಗೆಲ್ಲ ಸೇರಿ ಕೆಲವೇ ಹನಿ ಸಾಕು. ಸೂಜಿ ಇಲ್ಲ, ನೋವಿಲ್ಲ. ಜೊಲ್ಲು ತಾಗಿದ ಕೂಡಲೇ ಗಟ್ಟಿಯಾಗುತ್ತದೆ, ಹಾಗಾಗಿ ಮಗು ಅತ್ತರೂ ಪರವಾಗಿಲ್ಲ.

ಆಮೇಲಿನದ್ದು ನಿಮ್ಮ ಕೈಯಲ್ಲಿದೆ. ನಾಲ್ಕು ಗಂಟೆ ಗಟ್ಟಿ, ಬಿಸಿ ಏನೂ ಬೇಡ, ಡಾಕ್ಟರು ಬೇರೆ ಸಮಯ ಹೇಳಿದರೆ ಅದನ್ನೇ ಪಾಲಿಸಿ. ಹಲಸಿನ ಹಪ್ಪಳ, ಚಕ್ಕುಲಿ, ಸುಡುವ ಚಾ ಕೊಡಬೇಡಿ. ಆರಿದ ಗಂಜಿ, ಮಜ್ಜಿಗೆ ಅನ್ನ, ತಣಿದ ನೀರುದೋಸೆ ಕೊಡಬಹುದು. ಆ ರಾತ್ರಿ ಹಲ್ಲುಜ್ಜುವುದೂ ಬೇಡ, ಮನೆಯಲ್ಲಿ ಅಜ್ಜಿ ಗದರಿದರೂ ಮರುದಿನ ಬೆಳಿಗ್ಗೆಯೇ. ಹಲ್ಲು ಹಳದಿಯಾಗಿ ಕಂಡರೆ ಗಾಬರಿ ಬೇಡ, ಉಜ್ಜಿದ ಮೇಲೆ ಹೋಗುತ್ತದೆ.

ಹಲ್ಲಿನ ಮೇಲೆ ಕೂತ ಆ ಫ್ಲೋರೈಡ್ ಕಣಗಳು ಕ್ರಮೇಣ ಖಾಲಿಯಾಗುತ್ತವೆ. ಅದಕ್ಕೇ 6 ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕು, ಹುಳುಕು ಜಾಸ್ತಿ ಇರುವ ಮಕ್ಕಳಿಗೆ 3 ತಿಂಗಳಿಗೊಮ್ಮೆ.

ಕೃಷ್ಣಗಿರಿ, ಅನಂತಪುರ ಕಡೆಯ ನೆಂಟರು "ನಮ್ಮಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದಲೇ ಮಕ್ಕಳ ಹಲ್ಲು ಕಲೆಯಾಗಿದೆ, ಇನ್ನೂ ಹಚ್ಚೋದಾ?" ಅಂತ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹಲ್ಲು ಒಳಗೆ ಬೆಳೆಯುವ ವಯಸ್ಸಲ್ಲಿ ದಿನಾ ಹೊಟ್ಟೆಗೆ ಹೋಗುವ ಫ್ಲೋರೈಡಿನಿಂದ ಆ ಕಲೆ ಬರುವುದು, ವರ್ಷಕ್ಕೆ ಕೆಲವು ಸಲ ಸವರುವ ನಾಲ್ಕು ಹನಿಯಿಂದಲ್ಲ. ಆದರೂ ಅಂಥ ಊರಿನವರು ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಬಾರದು. ಪೇಸ್ಟ್ 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 6ರ ತನಕ ಬಟಾಣಿಯಷ್ಟು, ನುಂಗದ ಹಾಗೆ ನೋಡಿಕೊಳ್ಳಿ.

ತೂತು ಬಿದ್ದು ನೋಯುವ ಹಲ್ಲನ್ನು ವಾರ್ನಿಷ್ ತುಂಬಿಸುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಬಾಯಲ್ಲಿ ಹಾಲಿನ ಬಾಟಲಿ ಇಟ್ಟು ಮಲಗಿಸುವುದನ್ನು, ಗಂಟೆಗೊಂದು ಸಿಹಿ ಕೊಡುವುದನ್ನು ನಿಲ್ಲಿಸದಿದ್ದರೆ ಎಷ್ಟು ಸಲ ಹಚ್ಚಿಸಿದರೂ ಸಾಲದು.