ಹಳೇ ಮಾತ್ರೆ, ಸಿರಪ್ಪು ತೋಡಿಗೆ ಸುರೀಬೇಡಿ, ಹೀಗೆ ಮಾಡಿ

ಅಜ್ಜಿ ತೀರ್ಕೊಂಡ ಮೇಲೆ ಅವರ ಔಷಧಿ ಡಬ್ಬ ತೆಗೆದ್ರೆ ನಾಲ್ಕು ಸ್ಟ್ರಿಪ್ ಬಿಪಿ ಮಾತ್ರೆ, ತಳದಲ್ಲಿ ಅಂಟಂಟಾಗಿ ನಿಂತ ಕೆಮ್ಮಿನ ಸಿರಪ್ಪು, ಅರ್ಧಕ್ಕೇ ಬಿಟ್ಟ ಆಂಟಿಬಯೋಟಿಕ್. ಇಂಥದ್ದನ್ನ ನಮ್ಮನೇಲಿ ಇಷ್ಟು ವರ್ಷ ಟಾಯ್ಲೆಟ್ಟಿಗೆ ಹಾಕ್ತಿದ್ವಿ, ಇಲ್ಲಾಂದ್ರೆ ತೋಟದ ಕೆಳಗಿನ ತೋಡಿಗೆ, ಆ ತೋಡು ಸೇರೋದು ಕಾವೇರಿಗೆ, ಮುಂದೆ ಕೆಆರ್‌ಎಸ್, ಬೆಂಗಳೂರಿನ ನಲ್ಲೀಲಿ ಬರೋದೂ ಅದೇ ಹೊಳೆ ನೀರು.

ಮಾತ್ರೆ ಕರಗಿ ಹೋಗುತ್ತೆ ಬಿಡು ಅಂತೀವಿ, ಆದ್ರೆ ಕರಗಿದ್ರೂ ಔಷಧಿ ಔಷಧಿಯಾಗೇ ಇರುತ್ತೆ. ಕೊಳಚೆ ನೀರು ಶುದ್ಧ ಮಾಡೋ ಘಟಕಗಳಲ್ಲೂ ಪೂರ್ತಿ ಹೋಗಲ್ಲ. ಕೆನಡಾದ ಒಂದು ಕೆರೆಗೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಹಾರ್ಮೋನನ್ನ ಲೀಟರಿಗೆ ಬರೀ 5-6 ನ್ಯಾನೋಗ್ರಾಂ (ಒಂದು ಗ್ರಾಂನ ನೂರು ಕೋಟಿ ಪಾಲು ಮಾಡಿದ್ರೆ ಒಂದು ಪಾಲು ಒಂದು ನ್ಯಾನೋಗ್ರಾಂ) ಸೇರಿಸಿ ನೋಡಿದ್ರು, ಗಂಡು ಮೀನಿನೊಳಗೆ ಮೊಟ್ಟೆ ಬೆಳೀತು, ಅಲ್ಲಿನ ಒಂದು ಜಾತಿ ಸಣ್ಣ ಮೀನು ಹೆಚ್ಚುಕಡಿಮೆ ನಾಶವೇ ಆಯ್ತು. ಇದನ್ನ ಓದಿದ್ಮೇಲೆ ನನಗೆ ತೋಡಿನ ಮೀನು ನೋಡಿದಾಗೆಲ್ಲ ಸಂಕಟ ಆಗುತ್ತೆ.

ಮೊದ್ಲು ಮೆಡಿಕಲ್ ಶಾಪಲ್ಲೋ ಆಸ್ಪತ್ರೇಲೋ ವಾಪಸ್ ತಗೋತೀರಾ ಅಂತ ಕೇಳಿ, ಆಸ್ಪತ್ರೆಯ ಹಳದಿ ಚೀಲಕ್ಕೆ ಬಿದ್ರೆ ಅದು ಸರಿಯಾದ ಕಡೆ ಸುಟ್ಟು ಹೋಗುತ್ತೆ. ತಗೋಳಲ್ಲ ಅಂದ್ರೆ ಮಾತ್ರೆಗಳನ್ನ ಸ್ಟ್ರಿಪ್ಪಿಂದ ಬಿಡಿಸಿ, ಪುಡಿ ಮಾಡ್ಬೇಡಿ, ಫಿಲ್ಟರಲ್ಲಿ ಉಳಿದ ಕಾಫಿ ಚರಟದ ಜೊತೆ ಕಲಸಿ. ಸಿರಪ್ಪನ್ನೂ ಅದಕ್ಕೇ ಸುರೀರಿ, ಚರಟ ಹೀರ್ಕೊಳ್ಳುತ್ತೆ, ಮಕ್ಕಳಾಗ್ಲಿ ನಾಯಿಯಾಗ್ಲಿ ಬಾಯಿ ಹಾಕೋದು ಕಮ್ಮಿ. ದಪ್ಪ ಕವರಲ್ಲಿ ಗಂಟು ಕಟ್ಟಿ, ಕಸದ ಗಾಡಿಯವರಿಗೆ ಇದು ಔಷಧಿ ಅಂತ ಹೇಳಿ ಬೇರೆಯಾಗೇ ಕೊಡಿ, 2016ರ ಘನತ್ಯಾಜ್ಯ ನಿಯಮದಲ್ಲೇ ಅವಧಿ ಮುಗಿದ ಔಷಧಿಯನ್ನ ಮನೆಯ ಅಪಾಯಕಾರಿ ಕಸಕ್ಕೆ ಸೇರಿಸಿದ್ರು. ಔಷಧಿಯ ಚೀಟಿ ಮೇಲೆ ರೋಗಿಯ ಹೆಸರಿದ್ರೆ ಗೀಚಿ ಅಳಿಸಿ.

ತೋಟದಲ್ಲಿ ಗುಂಡಿ ತೆಗೆದು ಹೂಳೋದು ಬೇಡ, ಕಕ್ಕಡದ (ಜುಲೈ-ಆಗಸ್ಟಿನ) ಮಳೇಲಿ ಎಲ್ಲಾ ನೆನೆದು ಮತ್ತೆ ಬಾವಿಗೋ ತೋಡಿಗೋ ಇಳಿಯುತ್ತೆ. ಒಲೆಗೂ ಹಾಕ್ಬೇಡಿ, ಇನ್‌ಹೇಲರ್ ಅಂತೂ ಬೆಂಕೀಲಿ ಸಿಡಿಯುತ್ತೆ. ಮಾರ್ಫಿನ್, ಫೆಂಟನಿಲ್ ಥರದ ಜೋರು ನೋವಿನ ಮದ್ದಿಗೆ ಮಾತ್ರ ನಿಯಮ ಬೇರೆ, ಡಾಕ್ಟರನ್ನೇ ಕೇಳಿ.

ದನ ಇರೋ ಮನೆಯವರು ಕೆಚ್ಚಲುಬಾವಿಗೆ ಹಾಕಿದ ಟ್ಯೂಬನ್ನ ತೋಡಲ್ಲಿ ತೊಳೀಬೇಡಿ, ಅದರಲ್ಲೂ ಆಂಟಿಬಯೋಟಿಕ್ಕೇ ಇರೋದು, ಅದನ್ನೂ ಇದೇ ಕವರಿಗೆ ಸೇರಿಸಿ. ಮುಂದಿನ ಸಲ ಡಾಕ್ಟರು ಐದು ದಿನಕ್ಕೆ ಬರೆದಿದ್ರೆ ಐದು ದಿನದ್ದೇ ಕತ್ತರಿಸಿ ಕೊಡಿ ಅಂತ ಅಂಗಡೀಲಿ ಕೇಳಿ ತಗೊಳ್ಳಿ.