ಹಿಂಗಾರಿ ಜೋಳ: ರೊಟ್ಟಿಗೂ ಕಣಿಕಿಗೂ ಒಂದೇ ಹೊಲ

ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ, ರಾಯಚೂರು ಸೀಮೆಯ ಎರೆಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನ ಹೊಲಗಳಲ್ಲಿ, ಹಿಂಗಾರಿ ಜೋಳಕ್ಕೆ ಯಾವಾಗಲೂ ಎರಡು ಲೆಕ್ಕ. ಕಾಳು ಮನೆಗೆ, ಕಣಿಕಿ (ಒಣ ದಂಟಿನ ಮೇವು) ಕೊಟ್ಟಿಗೆಗೆ. ಬರದ ವರ್ಷ ಕಾಳಿನ ದರ ಕೇಳುವವರಿಗಿಂತ ಕಣಿಕಿಯ ದರ ಕೇಳುವವರೇ ಹೆಚ್ಚು. ಹಾಗಾಗಿ ತಳಿ ಆರಿಸುವಾಗಿನಿಂದ ಬಣವೆ ಒಟ್ಟುವವರೆಗೆ ಎರಡನ್ನೂ ಕಣ್ಣಮುಂದೆ ಇಟ್ಟುಕೊಂಡೇ ಬೇಸಾಯ ಮಾಡಬೇಕು.

ಬಿತ್ತಿದ ಮೇಲೆ ಮಳೆ ಬಂದರೆ ಪುಣ್ಯ, ಬರದಿದ್ದರೂ ಬೆಳೆ ನಿಲ್ಲಬೇಕು. ಸೆಪ್ಟೆಂಬರ್ ಹೊತ್ತಿಗೆ ಮಣ್ಣು ಕುಡಿದಿಟ್ಟ ನೀರಿನಲ್ಲೇ ಅದು ಫೆಬ್ರುವರಿ ಮುಟ್ಟುತ್ತದೆ. ಒಂದು ಮೀಟರ್ ಆಳದ ಎರೆಮಣ್ಣು ಸುಮಾರು 150ರಿಂದ 200 ಮಿಲಿಮೀಟರ್ ಮಳೆಯಷ್ಟು ನೀರನ್ನು ಬೆಳೆಗೆ ಒದಗಿಸಬಲ್ಲದು. ಅರ್ಧ ಮೀಟರಿಗೇ ಗರಸು (ಕಲ್ಲುಹರಳಿನ ಪದರ) ಸಿಗುವ ಹೊಲದಲ್ಲಿ ಅದರ ಅರ್ಧವೂ ಇರುವುದಿಲ್ಲ. ಈ ಬೆಳೆಯಲ್ಲಿ ಆಗುವ ನಷ್ಟದ ಬೇರು ಹುಡುಕುತ್ತ ಹೋದರೆ ಬಹಳ ಸಲ ಸಿಗುವುದು ಒಂದೇ ಕಾರಣ: ಹಸಿ ತಾಳುವುದಕ್ಕಿಂತ ಹೆಚ್ಚು ಗಿಡ, ಹೆಚ್ಚು ಯೂರಿಯಾ.

ಮಳೆಗಾಲದಲ್ಲೇ ಶುರು

ಹಿಂಗಾರಿಯ ಕೆಲಸ ಜೂನ್–ಜುಲೈನಲ್ಲಿ ಆರಂಭವಾಗಬೇಕು. ಹೊಲ ಖಾಲಿ ಬಿಡುವುದಾದರೆ ಹರಗಿ ಚೌಕು ಮಡಿ ಮಾಡಿ. ಇಳಿಜಾರು ಹೆಚ್ಚಿದ್ದ ಕಡೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ; ಸಮತಟ್ಟಾಗಿದ್ದರೆ ಹದಿನೈದು ಅಡಿಯ ಮಡಿಯೂ ಸಾಕು. ಬದುವಿನ ಎತ್ತರ ಒಂದು ಗೇಣಿದ್ದರೆ ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ದೊಡ್ಡ ಮಳೆಗೆ ಒಂದೆರಡು ಮಡಿ ಒಡೆದರೆ ಅದೇ ವಾರ ಸರಿಮಾಡಿ. ಒಂದು ಒಡೆದರೆ ಅದರ ಕೆಳಗಿನ ಸಾಲೆಲ್ಲ ಒಡೆಯುತ್ತ ಹೋಗುತ್ತದೆ. ಬಿತ್ತುವ ಮುಂಚೆ ಕುಂಟೆ ಹೊಡೆದು ಮಡಿ ಮುರಿದರಾಯಿತು.

ಮಧ್ಯಮದಿಂದ ಆಳದ ಮಣ್ಣು, ಸಕಾಲದ ಮುಂಗಾರು ಎರಡೂ ಸಿಕ್ಕಿದರೆ ಜೂನ್‌ನಲ್ಲಿ ಹೆಸರು ಬಿತ್ತಿ, ಆಗಸ್ಟ್ ಕೊನೆಗೆ ಕಿತ್ತು, ಅದೇ ಹೊಲಕ್ಕೆ ಜೋಳ ಹಾಕಬಹುದು. ತೆಳು ಮಣ್ಣಿನಲ್ಲಿ ಈ ಆಸೆ ಬೇಡ. ಹೆಸರು ಕುಡಿದ ನೀರು ಜೋಳಕ್ಕೆ ಕಡಿಮೆ ಬೀಳುತ್ತದೆ.

ಬಿತ್ತುವ ಮುಂಚೆ ಹಸಿ ಎಷ್ಟು ಆಳಕ್ಕಿದೆ ಎಂದು ನೋಡಲು ಕಬ್ಬಿಣದ ಸಲಾಕೆ ಸಾಕು. ಹೊಲದ ಐದಾರು ಕಡೆ ಒತ್ತಿ ನೋಡಿ. ಹಸಿ ಇರುವವರೆಗೆ ಸಲೀಸಾಗಿ ಇಳಿಯುತ್ತದೆ, ಒಣಮಣ್ಣು ತಗುಲಿದೊಡನೆ ನಿಲ್ಲುತ್ತದೆ. ಮೂರು ಅಡಿ ಇಳಿದರೆ ನಿಶ್ಚಿಂತೆ. ಒಂದೂವರೆ ಅಡಿಗೇ ನಿಂತರೆ ಗಿಡದ ಸಂಖ್ಯೆ ತಗ್ಗಿಸಿ, ಗೊಬ್ಬರವನ್ನೂ ತಗ್ಗಿಸಿ. ಇಲ್ಲವೇ ಕಡಲೆಗೆ ಹೋಗಿ.

ತಳಿ, ಬೀಜ

ಸೊಲ್ಲಾಪುರ ಸೀಮೆಯ ಮಾಲದಂಡಿ ಜೋಳದಿಂದ ಮೊಹೋಳದಲ್ಲಿ ಆರಿಸಿದ ಎಂ 35-1 ಇಂದಿಗೂ ಬಹುಪಾಲು ಹೊಲಗಳಲ್ಲಿ ಉಳಿದಿದೆ. ಮುತ್ತಿನಂಥ ಬಿಳಿ ಕಾಳು, ಮೆತ್ತಗಿನ ರೊಟ್ಟಿ, ದನ ಉಳಿಸದೆ ತಿನ್ನುವ ಕಣಿಕಿ, ಈ ಮೂರೂ ಒಟ್ಟಿಗೆ ಸಿಗುವುದರಿಂದ ರೈತರು ಅದನ್ನು ಬಿಟ್ಟುಕೊಟ್ಟಿಲ್ಲ. 115ರಿಂದ 120 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಆಳದ ಮಣ್ಣಿಗೆ ವಿಜಯಪುರದ ಬಿಜೆವಿ-44 ಕೂಡ ಚೆನ್ನ. ಎರಡೂ ಸಂಕರಣ ತಳಿಗಳಲ್ಲ, ಆದ್ದರಿಂದ ಸ್ವಂತ ಬೀಜ ಉಳಿಸಿಕೊಳ್ಳಬಹುದು. ಬೀಜಕ್ಕೆ ಹೊಲದ ನಡುವಿನ, ರೋಗವಿಲ್ಲದ, ಒಂದೇ ಅಳತೆಯ ತೆನೆಗಳನ್ನು ರಾಶಿಗೆ ಮುಂಚೆಯೇ ಬೇರೆ ತೆಗೆದಿಡಿ. ಮೂರು ವರ್ಷಕ್ಕೊಮ್ಮೆ ಹೊಸ ಬೀಜ ತರುವುದು ಲೇಸು.

ಮನೆಯ ಬೀಜವಾದರೆ ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ನಾಲ್ಕೈದು ದಿನಕ್ಕೆ 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿತ್ತನೆಗಲ್ಲ, ಬೀಸುವುದಕ್ಕೆ.

ಬೀಜ ಹದ ಮಾಡುವುದು ಸುಲಭ, ಖರ್ಚೂ ಇಲ್ಲ. ಒಂದು ಲೀಟರ್ ನೀರಿಗೆ 20 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ, ಬೀಜವನ್ನು 8 ಗಂಟೆ ನೆನೆಸಿ, ಸೋಸಿ, ನೆರಳಲ್ಲಿ ಮೊದಲಿನಂತೆ ಗರಿಗರಿಯಾಗುವವರೆಗೆ ಒಣಗಿಸಿ. ಇಂಥ ಬೀಜ ಹಸಿ ಕಡಿಮೆ ಇದ್ದರೂ ಬೇಗ ಮೊಳೆಯುತ್ತದೆ. ಆಮೇಲೆ ಕಿಲೋಗೆ 4 ಗ್ರಾಂ ಗಂಧಕದ ಪುಡಿ ಲೇಪಿಸಿ. ಇದು ಕಾಳು ಕಾಡಿಗೆ ರೋಗಕ್ಕೆ. ಈ ಹೆಜ್ಜೆ ಬಿಟ್ಟವರ ಹೊಲದಲ್ಲಿ ಕಾಳಿನ ಬದಲು ಕರಿಪುಡಿ ತುಂಬಿದ ಚೀಲಗಳಿರುವ ತೆನೆ ಕಾಣುತ್ತದೆ, ಆಗ ಮಾಡುವಂಥದ್ದೇನೂ ಉಳಿದಿರುವುದಿಲ್ಲ. ಅಂಗಡಿಯಿಂದ ತಂದ ಬಣ್ಣದ ಬೀಜಕ್ಕೆ ಔಷಧ ಆಗಲೇ ಲೇಪಿಸಿರುತ್ತಾರೆ; ಅದನ್ನು ನೆನೆಸಬಾರದು, ಉಳಿದರೆ ದನಕ್ಕೂ ಕೋಳಿಗೂ ಹಾಕಬಾರದು.

ಬಿತ್ತನೆ

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಅಂದರೆ ಉತ್ತರೆ ಮತ್ತು ಹಸ್ತ ಮಳೆಗಳ ಆಸುಪಾಸು, ಬಿತ್ತನೆಯ ಕಾಲ. ಚಿತ್ತೆಗೂ ಬಿತ್ತುವವರಿದ್ದಾರೆ. ಆದರೆ ತಡವಾದಷ್ಟೂ ಮೇಲ್ಮಣ್ಣಿನ ಹಸಿ ಆರುತ್ತದೆ, ಹೂವಾಡುವಾಗ ಚಳಿ ಹಿಡಿಯುತ್ತದೆ, ಸುತ್ತಲಿನ ಹೊಲಗಳಲ್ಲಿ ಬೆಳೆದುಕೊಂಡ ಸುಳಿ ನೊಣವೆಲ್ಲ ಎಳೆ ಪೈರಿನ ಮೇಲೆ ಬೀಳುತ್ತದೆ.

ಎಕರೆಗೆ 3 ಕಿಲೋ ಬೀಜ ಸಾಕು. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15. ಹೀಗಿಟ್ಟರೆ ಎಕರೆಗೆ ಸುಮಾರು 60 ಸಾವಿರ ಗಿಡ. ಕೂರಿಗೆಯಿಂದ ಬೀಜ ಎರಡು ಇಂಚು ಆಳದ ಹಸಿಗೆ ಬೀಳಬೇಕು. ಮೇಲಿನ ಒಣಮಣ್ಣಿನಲ್ಲಿ ನಿಂತರೆ ಇರುವೆಯ ಪಾಲು. ಬಿತ್ತಿದ ಬೆನ್ನಿಗೇ ಬಳಸಾಲು ಹೊಡೆದು ಮಣ್ಣು ಮುಚ್ಚಿ. ಹೊಲದ ಅಂಚಿಗೆ ನಾಲ್ಕು ಸಾಲು ಕುಸುಬೆ ಹಾಕಿದರೆ ಅದರ ಮುಳ್ಳಿಗೆ ಅಂಜಿ ಬೀಡಾಡಿ ದನ ಒಳಗೆ ಬರುವುದಿಲ್ಲ, ಎಣ್ಣೆಗೂ ಆಯಿತು.

ಗೊಬ್ಬರದ ಲೆಕ್ಕ ಹೀಗೆ. ಮಳೆಯಾಶ್ರಿತ ಹೊಲಕ್ಕೆ ಎಕರೆಗೆ 20 ಕಿಲೋ ಸಾರಜನಕ, 10 ಕಿಲೋ ರಂಜಕ ಬೇಕು. ಇದಕ್ಕೆ 22 ಕಿಲೋ ಡಿಎಪಿ, 35 ಕಿಲೋ ಯೂರಿಯಾ. ಇಷ್ಟನ್ನೂ ಬಿತ್ತುವಾಗಲೇ ಬೀಜಕ್ಕಿಂತ ಕೆಳಗೆ, ಬೀಜಕ್ಕೆ ತಾಗದಂತೆ ಕೊಟ್ಟು ಮುಗಿಸಿ. ಮೇಲುಗೊಬ್ಬರವೆಂದು ಅರ್ಧ ಉಳಿಸಿಕೊಂಡರೆ ಅದನ್ನು ಹಾಕುವ ಹೊತ್ತಿಗೆ ಮೇಲ್ಮಣ್ಣು ಒಣಗಿರುತ್ತದೆ. ಒಣಮಣ್ಣಿನ ಮೇಲೆ ಬಿದ್ದ ಯೂರಿಯಾ ಬೇರಿಗೆ ಮುಟ್ಟುವುದಿಲ್ಲ. ಕೊಟ್ಟಿಗೆ ಗೊಬ್ಬರವನ್ನು ಮಳೆಗಾಲದಲ್ಲೇ ಎಕರೆಗೆ ಒಂದೂವರೆ ಟನ್ ಹರಡಿ ಹರಗಿರಬೇಕು.

ಮೊದಲ ನಲವತ್ತು ದಿನ

ಮೊಳೆತ ಒಂದು ವಾರದಿಂದ ನಾಲ್ಕು ವಾರದವರೆಗೆ ಸುಳಿ ನೊಣದ ಕಾಟ. ನಡುಸುಳಿ ಒಣಗಿ ನಿಲ್ಲುತ್ತದೆ. ಹಿಡಿದೆಳೆದರೆ ಕೈಗೇ ಬರುತ್ತದೆ, ಮೂಗಿಗೆ ಹಿಡಿದರೆ ಕೊಳೆತ ವಾಸನೆ. ಈ ನೊಣ ಪ್ರತಿವರ್ಷ ಕಾಡುವ ಊರಿನಲ್ಲಿ ಕಿಲೋ ಬೀಜಕ್ಕೆ 10 ಮಿಲಿಲೀಟರ್ ಥಯಾಮೆಥಾಕ್ಸಾಮ್ 30 ಎಫ್‌ಎಸ್ ಲೇಪಿಸಿಯೇ ಬಿತ್ತುವುದು ಒಳ್ಳೆಯದು. ಸುಳಿ ಒಣಗಿದ ಮೇಲೆ ಸಿಂಪಡಿಸಿದರೆ ಆ ಗಿಡ ಬದುಕುವುದಿಲ್ಲ, ಹುಳು ಆಗಲೇ ಒಳಗಿರುತ್ತದೆ.

ಹದಿನೈದನೇ ದಿನದೊಳಗೆ ಗಿಡ ತೆಳುಗೊಳಿಸಿ. ಸುಳಿ ಸತ್ತವನ್ನೂ ಬಡಕಲಾದವನ್ನೂ ಮೊದಲು ಕೀಳಿ, ಆಮೇಲೆ ಗೇಣಿಗಿಂತ ತುಸು ಕಡಿಮೆ ಅಂತರಕ್ಕೊಂದರಂತೆ ಉಳಿಸಿ. ಹಸಿರು ನೋಡಿ ಕೀಳಲು ಮನಸ್ಸು ಬರುವುದಿಲ್ಲ ನಿಜ. ಉಳಿಸಿದರೆ ಜನವರಿಯಲ್ಲಿ ಎಲ್ಲವೂ ಒಟ್ಟಿಗೆ ಬಾಯಾರುತ್ತವೆ.

ಕಿತ್ತ ಎಳೆ ಪೈರನ್ನು ಹಸಿಯಾಗಿ ದನಕ್ಕೆ ಹಾಕಬೇಡಿ. ಜೋಳದ ಎಳೆ ಎಲೆಯಲ್ಲಿರುವ ಧುರಿನ್ ಎಂಬ ವಸ್ತು ದನದ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ. ಮೊಣಕಾಲೆತ್ತರದ ಪೈರು, ಬರಕ್ಕೆ ಬಾಡಿದ ಪೈರು, ಕೊಯ್ಲಿನ ನಂತರ ಬುಡದಿಂದ ಒಡೆಯುವ ಕುಳೆ ಚಿಗುರು ಇವು ಮೂರೂ ಅಪಾಯ, ಅದರಲ್ಲಿ ಚಿಗುರು ಹೆಚ್ಚು. ವಿಷ ತಗುಲಿದ ದನ ಏದುಸಿರು ಬಿಡುತ್ತದೆ, ಜೊಲ್ಲು ಸುರಿಸಿ ನಡುಗುತ್ತದೆ, ಕೆಲವೇ ನಿಮಿಷದಲ್ಲಿ ಕುಸಿಯಬಹುದು. ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿ. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಗ ಬಿದ್ದರೆ ಬದುಕುತ್ತದೆ. ಹೂವಾಡಿದ ನಂತರದ ಬೆಳೆ, ಚೆನ್ನಾಗಿ ಒಣಗಿದ ಕಣಿಕಿ ಇವುಗಳಿಗೆ ಈ ಭಯವಿಲ್ಲ.

ಎಡೆ ಹೊಡೆಯುವುದು ಕಳೆಗಷ್ಟೇ ಎಂದುಕೊಂಡವರು ಕಳೆ ಇಲ್ಲವೆಂದು ಬಿಟ್ಟುಬಿಡುತ್ತಾರೆ. ಎರೆಮಣ್ಣು ಒಣಗುತ್ತ ಬಿರುಕು ಬಿಟ್ಟಾಗ ಆಳದ ಹಸಿ ಆ ಬಿರುಕಿನಿಂದಲೇ ಆರಿಹೋಗುತ್ತದೆ. ಮೂರನೇ, ಐದನೇ, ಎಂಟನೇ ವಾರ ಎಡೆಕುಂಟೆ ಹಾಯಿಸಿದರೆ ಮೇಲೆ ಪುಡಿಮಣ್ಣಿನ ಹೊದಿಕೆ ಬಿದ್ದು ಬಿರುಕು ಮುಚ್ಚುತ್ತದೆ. ಎಂಟನೇ ವಾರದ್ದೇ ಹೆಚ್ಚು ಮುಖ್ಯ, ಹೆಚ್ಚಿನವರು ಬಿಡುವುದೂ ಅದನ್ನೇ.

2018ರಲ್ಲಿ ರಾಜ್ಯಕ್ಕೆ ಕಾಲಿಟ್ಟ ಫಾಲ್ ಸೈನಿಕ ಹುಳು ಮೆಕ್ಕೆಜೋಳದಿಂದ ಇತ್ತಲೂ ಬರುತ್ತದೆ. ಸುಳಿಯಲ್ಲಿ ಕಟ್ಟಿಗೆ ಹೊಟ್ಟಿನಂಥ ಹಿಕ್ಕೆ, ಎಲೆಯಲ್ಲಿ ಸಾಲುತೂತು ಕಂಡರೆ ಲೀಟರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೋಯೇಟ್ ಅನ್ನು ಸುಳಿಯೊಳಗೆ ಇಳಿಯುವಂತೆ ಸಿಂಪಡಿಸಿ.

ಹೊಡೆಯಿಂದ ಹಾಲುಗಾಳಿಗೆ

ಒಂದೇ ನೀರು ಕೊಡುವಷ್ಟು ಅನುಕೂಲವಿದ್ದರೆ ಅದನ್ನು ಹೊಡೆ ತುಂಬುವಾಗ (ತೆನೆ ಇನ್ನೂ ಎಲೆಯ ಕವಚದೊಳಗೆ ಇರುವಾಗ), 55ರಿಂದ 65ನೇ ದಿನದೊಳಗೆ ಕೊಡಿ. ಹಸಿ ತೀರಾ ಕಡಿಮೆಯಾಗಿ ಮಧ್ಯಾಹ್ನಕ್ಕೇ ಎಲೆ ಸುರುಳಿಯಾಗತೊಡಗಿದರೆ ಪ್ರತಿ ಮೂರನೇ ಸಾಲನ್ನು ಕೊಯ್ದು ತೆಗೆಯಿರಿ. ಉಳಿದೆರಡು ಸಾಲು ತೆನೆ ಕಟ್ಟುತ್ತವೆ. ಕೊಯ್ದದ್ದನ್ನು ಪೂರ್ತಿ ಒಣಗಿಸಿಯೇ ದನಕ್ಕೆ ಹಾಕಿ.

ಗಿಡ ಒತ್ತಾಗಿ, ಯೂರಿಯಾ ಹೆಚ್ಚಾಗಿ ಬೆಳೆದ ಬೆಳೆ ಡಿಸೆಂಬರ್‌ವರೆಗೆ ಕಣ್ಣಿಗೆ ಹಬ್ಬ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ (ನೈವೇದ್ಯದ ಅಡುಗೆ) ಚೆಲ್ಲಲು ಹೋದಾಗ ನೆರೆಹೊಲದವರು ಹೊಗಳುವಂತಿರುತ್ತದೆ. ಕಾಳು ತುಂಬುವ ಈ ಹೊತ್ತಿಗೆ ಹಸಿ ಮುಗಿದರೆ ಗಿಡ ಕಾಂಡದ ಸಾರವನ್ನೇ ಹೀರಿ ತೆನೆಗೆ ಕಳಿಸುತ್ತದೆ. ಸೊರಗಿದ ಕಾಂಡಕ್ಕೆ ಮಣ್ಣಿನ ಶಿಲೀಂಧ್ರ ಹೊಕ್ಕು ಇದ್ದಿಲು ಕೊಳೆ ರೋಗ ತರುತ್ತದೆ. ಬುಡದ ಗಿಣ್ಣು ಸೀಳಿ ನೋಡಿದರೆ ತಿರುಳು ನಾರುನಾರಾಗಿ, ಇದ್ದಿಲು ಪುಡಿ ಚೆಲ್ಲಿದಂತೆ ಕಪ್ಪಾಗಿರುತ್ತದೆ. ಒಂದು ಗಾಳಿಗೆ ಹೊಲವೇ ಮಲಗುತ್ತದೆ. ಕಾಳು ಜೊಳ್ಳು, ಕಣಿಕಿ ಪೊಳ್ಳು. ನಿಂತ ಬೆಳೆಗೆ ಹೊಡೆಯುವ ಔಷಧವಿಲ್ಲ. ಮುಂದಿನ ವರ್ಷ ಅಲ್ಲಿ ಕುಸುಬೆ ಹಾಕಿ, ಅದರ ಮರುವರ್ಷ ಜೋಳವನ್ನು ತೆಳುವಾಗಿ ಬಿತ್ತಿ.

ಎಲೆಯಡಿ ಹೇನು ಕೂತು ಅಂಟು ಸುರಿಸಿದರೆ ಕಣಿಕಿ ಕಪ್ಪಾಗಿ ಬೆಲೆ ಇಳಿಯುತ್ತದೆ. ಹೇನು ತಿನ್ನುವ ಗುಲಗಂಜಿ ಹುಳು ಸಾಕಷ್ಟು ಓಡಾಡುತ್ತಿದ್ದರೆ ಸಿಂಪಡಿಸುವ ಅವಸರ ಬೇಡ.

ಹಾಲು ಗಟ್ಟಿಯಾಗುತ್ತಿರುವ ಎಳೆ ತೆನೆಯೇ ಸೀತನಿ. ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ, ಶೇಂಗಾ ಹಿಂಡಿಯೋ ಬೆಲ್ಲವೋ ಸೇರಿಸಿ ತಿನ್ನುತ್ತಾರೆ. ಇದಕ್ಕೆಂದೇ ಸಕ್ಕರಿ ಮುಕ್ಕರಿಯಂಥ ಸಿಹಿ ಜೋಳವನ್ನು ಒಂದೆರಡು ಸಾಲು ಹಾಕುವ ವಾಡಿಕೆ ಇದೆ. ಪೇಟೆ ಹತ್ತಿರವಿದ್ದವರಿಗೆ ಜನವರಿಯಲ್ಲಿ ಕೈಗೆ ಕಾಸೂ ಬರುತ್ತದೆ.

ಕೊಯ್ಲು, ಬಣವೆ, ಕಣಜ

ಕಾಳು ತೆನೆಗೆ ಅಂಟಿದ ತುದಿಯಲ್ಲಿ ಕಪ್ಪು ಚುಕ್ಕೆ ಮೂಡಿದರೆ ಬಲಿತಂತೆ. ಆಮೇಲೆ ಹೊಲದಲ್ಲಿ ನಿಲ್ಲಿಸಿದಷ್ಟೂ ಕಾಳಿನ ತೂಕ ಏರುವುದಿಲ್ಲ, ಹಕ್ಕಿಯ ಪಾಲು ಮಾತ್ರ ಏರುತ್ತದೆ, ಎಲೆ ಉದುರಿ ಮೇವಿನ ಸತ್ವವೂ ಇಳಿಯುತ್ತದೆ. ಕಣಿಕಿ ಬೇಕಾದವರು ಬಲಿತ ಒಂದು ವಾರದೊಳಗೆ ಕಿತ್ತುಬಿಡಬೇಕು. ತೆನೆ ಮುರಿದು ಕಣದಲ್ಲಿ ಒಣಗಿಸಿ, ದಂಟನ್ನು ಸಿವುಡು ಕಟ್ಟಿ ಹೊಲದಲ್ಲೇ ನಿಲ್ಲಿಸಿ. ಗಿಣ್ಣು ಮುರಿದಾಗ ಚಟ್ಟೆನ್ನುವವರೆಗೆ ಬಣವೆ ಒಟ್ಟಬೇಡಿ. ಒಳಗೆ ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಬಣವೆಯ ಅಡಿಗೆ ಕಲ್ಲು, ತೊಗರಿ ಕಟ್ಟಿಗೆ ಹಾಸಿ ನೆಲದಿಂದ ಮೇಲೆತ್ತಿ, ನೆತ್ತಿಯನ್ನು ಇಳಿಜಾರು ಮಾಡಿ. ಬೂಷ್ಟು ಹಿಡಿದ ಸಿವುಡನ್ನು ಗಬ್ಬದ ದನಕ್ಕಂತೂ ಹಾಕಲೇಬಾರದು.

ಆಳದ ಎರೆಭೂಮಿ, ಒಳ್ಳೆಯ ಹಸಿ ಇದ್ದರೆ ಎಕರೆಗೆ 6ರಿಂದ 8 ಕ್ವಿಂಟಲ್ ಕಾಳು, ಎರಡು ಟನ್ನಿನಷ್ಟು ಕಣಿಕಿ. ಇಡೀ ದಂಟು ಹಾಕಿದರೆ ದನ ಎಲೆ ತಿಂದು ಬುಡ ತುಳಿಯುತ್ತದೆ. ಕತ್ತರಿಸುವ ಯಂತ್ರದಲ್ಲಿ ಒಂದಿಂಚಿನ ತುಂಡು ಮಾಡಿದರೆ ಅದೇ ಬಣವೆ ಹೆಚ್ಚು ದಿನ ಬಾಳುತ್ತದೆ. ಕಣಿಕಿಯಲ್ಲಿ ಸಸಾರಜನಕ ಕಡಿಮೆ, ಹಾಗಾಗಿ ಹಾಲಿನ ದನಕ್ಕೆ ಜೊತೆಯಲ್ಲಿ ಕುದುರೆಮೆಂತೆ, ಶೇಂಗಾ ಹೊಟ್ಟು, ಹಿಂಡಿ ಏನಾದರೂ ಬೇಕು.

ಕಾಳನ್ನು ಹಲ್ಲಿಗೆ ಹಾಕಿದರೆ ಕಟ್ ಎಂದು ಒಡೆಯುವಷ್ಟು, ಶೇ 12ಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿ ತುಂಬಿ. ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಉಳಿಸಿಕೊಂಡವರು ಅದನ್ನು ತೆರೆದ ಕೂಡಲೇ ಇಳಿಯಬಾರದು. ಕಾಳು ಉಸಿರಾಡಿ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಬಾಯಿ ತೆರೆದು ಗಂಟೆಗಟ್ಟಲೆ ಬಿಟ್ಟು, ಹಗ್ಗಕ್ಕೆ ಕಟ್ಟಿ ಇಳಿಸಿದ ದೀಪ ತಳದಲ್ಲೂ ಉರಿದರೆ ಮಾತ್ರ, ಅದೂ ಮೇಲೊಬ್ಬರು ನಿಂತಿರುವಾಗ ಇಳಿಯಬೇಕು.

ಹಿಟ್ಟನ್ನು ವಾರ, ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಗೋಧಿಯಂತೆ ಜೋಳದಲ್ಲಿ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಅರೆಬೆಂದು ಹಿಟ್ಟಿಗೆ ಜಿಗಿ ಬರುತ್ತದೆ. ಹಳೆಯ ಹಿಟ್ಟಾದರೆ ಎಷ್ಟು ನಾದಿದರೂ ತಟ್ಟುವಾಗ ಅಂಚು ಬಿರಿಯುತ್ತದೆ, ಬಾಯಿಗೆ ಕಹಿ. ಕೊಯ್ಲಿನ ಹೊತ್ತಿಗೆ ಮಳೆಗೆ ಸಿಕ್ಕಿ ಕಪ್ಪಾದ ಕಾಳನ್ನು ರೊಟ್ಟಿಯ ಕಾಳಿಗೆ ಬೆರೆಸಬೇಡಿ, ಬೇರೆಯೇ ಇಡಿ.